ಬರೋಕ್ ಕಾಲದ ಮರಿಯಮ್ಮನ ಚಿತ್ರ ನಕಲು ಮಾಡಿ ಆಯಿಲ್ ಪೇಂಟಿಂಗ್ ಕಲಿಯುವುದು: ಎಲ್ಲಿಂದ ಶುರು ಮಾಡಲಿ?

ಹೊಸಕುಂಚ:

ಎಲ್ಲರಿಗೂ ನಮಸ್ಕಾರ. ಪೆನ್ಸಿಲ್, ಜಲವರ್ಣ ಎರಡರಲ್ಲೂ ಕೈ ಪಳಗಿದೆ. ಆಯಿಲ್ ಮಾತ್ರ ಪೂರ್ತಿ ಹೊಸದು. ಹಣ್ಣು, ಹೂಜಿ ಬರೆಯುತ್ತಾ ಕಲಿಯುವ ಬದಲು ಒಂದು ಹಳೆಯ ಚಿತ್ರವನ್ನು ನಕಲು ಮಾಡುತ್ತಾ ಕಲಿಯಬೇಕು ಅಂತ ಆಸೆ.

ಆರಿಸಿಕೊಂಡಿರುವುದು ಬರೋಕ್ ಕಾಲದ, ಅಂದರೆ ಹದಿನೇಳನೇ ಶತಮಾನದ ಸುಮಾರಿನ, ಚಿತ್ರಕಾರ ಸಾಸ್ಸೊಫೆರಾಟೊ ಬರೆದ ‘ಪ್ರಾರ್ಥಿಸುತ್ತಿರುವ ಮರಿಯಮ್ಮ’. ಮರಿಯಮ್ಮ ಅಂದರೆ ಯೇಸುವಿನ ತಾಯಿ. 1640ರಿಂದ 1650ರ ನಡುವಿನದು, ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಕಪ್ಪು ಹಿನ್ನೆಲೆ, ತಗ್ಗಿಸಿದ ಕಣ್ಣು, ಜೋಡಿಸಿದ ಕೈ, ಬಿಳಿ ಮುಸುಕು, ಕೆಂಪು ಉಡುಪು, ಅದರ ಮೇಲೆ ಆ ನೀಲಿ ಹೊದಿಕೆ. ಇಷ್ಟೇ. ಆದರೂ ಎಷ್ಟು ನೋಡಿದರೂ ಸಾಲದು.

ಹೊಸಬರಿಗೆ ಇದು ತೀರಾ ಕಷ್ಟವಾ? ನೇರವಾಗಿ ಬಣ್ಣ ಹಚ್ಚಬೇಕಾ? ಇಲ್ಲ, ಕೆಳಗೆ ಬೂದು ಬಣ್ಣದಲ್ಲಿ ಪೂರ್ತಿ ಚಿತ್ರ ಬರೆದು ಆಮೇಲೆ ಗ್ಲೇಜ್, ಅಂದರೆ ಕೆಳಗಿನದು ಕಾಣುವಂಥ ತೆಳು ಬಣ್ಣದ ಪದರ, ಹಾಕಬೇಕಾ? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಅಗಸೆಎಣ್ಣೆ:

ಆಯ್ಕೆ ಬಹಳ ಒಳ್ಳೆಯದು. ಒಬ್ಬಳೇ ವ್ಯಕ್ತಿ, ಒಂದೇ ಕಡೆಯಿಂದ ಬೆಳಕು, ಮೂರು ದೊಡ್ಡ ಬಣ್ಣ. ಆ ಬಣ್ಣಗಳು ಒಂದರೊಳಗೊಂದು ಕಲೆಸಿಕೊಂಡಿಲ್ಲ. ಮುಖ ಬರೆಯುವ ದಿನ ಮುಖ, ಬಟ್ಟೆ ಬರೆಯುವ ದಿನ ಬಟ್ಟೆ ಅಂತ ಭಾಗ ಮಾಡಿಕೊಳ್ಳಬಹುದು.

ಇನ್ನೊಂದು ಕಾರಣವೂ ಇದೆ. ಈ ಕಲಾವಿದರ ನಿಜವಾದ ಹೆಸರು ಜೊವಾನ್ನಿ ಬಟಿಸ್ಟಾ ಸಾಲ್ವಿ. 1609ರಲ್ಲಿ ಇಟಲಿಯ ಸಾಸ್ಸೊಫೆರಾಟೊ ಎಂಬ ಊರಿನಲ್ಲಿ ಹುಟ್ಟಿದರು, ಊರಿನ ಹೆಸರೇ ಅವರಿಗೆ ಅಂಟಿಕೊಂಡಿತು. ತೀರಿಕೊಂಡದ್ದು 1685ರಲ್ಲಿ. ಅವರೇ ದೊಡ್ಡ ನಕಲುಗಾರರು. ಇಟಲಿಯ ಹೆಸರಾಂತ ಚಿತ್ರಕಾರರಾದ ರಾಫೆಲ್, ಗೀಡೊ ರೆನಿ ಇಂಥವರ ಚಿತ್ರಗಳನ್ನು ನಕಲು ಮಾಡಿದ್ದಾರೆ. ತಮ್ಮದೇ ಮರಿಯಮ್ಮನನ್ನೂ ಮತ್ತೆ ಮತ್ತೆ ಬರೆದಿದ್ದಾರೆ. ಈ ಪ್ರಾರ್ಥನೆಯ ಭಂಗಿ ಬೇರೆ ಬೇರೆ ಮ್ಯೂಸಿಯಂಗಳಲ್ಲಿ ಕಾಣಿಸುತ್ತದೆ. ಒಂದೇ ಚಿತ್ರವನ್ನು ಅಷ್ಟು ಸಲ ಅಷ್ಟು ಚೊಕ್ಕವಾಗಿ ಬರೆಯಬೇಕಾದರೆ ಅದಕ್ಕೊಂದು ಕ್ರಮ ಇರಲೇಬೇಕು ಅಲ್ವಾ? ಯಾವುದರ ಮೇಲೆ ಯಾವುದು, ಯಾವುದು ಒಣಗಿದ ಮೇಲೆ ಯಾವುದು ಎಂಬ ಕ್ರಮ. ನೀವು ಹಿಂಬಾಲಿಸಬೇಕಾದದ್ದು ಅದನ್ನು. ಮೇಲೆ ಕಾಣುವ ಬಣ್ಣವನ್ನು ಮಾತ್ರ ಹೊಂದಿಸುತ್ತಾ ಹೋದರೆ ಚಿತ್ರ ಹೋಲುತ್ತದೆ, ಆದರೆ ಆಯಿಲ್ ಬಗ್ಗೆ ಹೆಚ್ಚೇನೂ ತಿಳಿಯುವುದಿಲ್ಲ.

ನಕಲು ಅಂದರೆ ಕೀಳು ಅಂತ ಯಾರಾದರೂ ಹೇಳಿದರೆ ತಲೆ ಕೆಡಿಸಿಕೊಳ್ಳಬೇಡಿ. ಫ್ಲಾಂಡರ್ಸ್‌ನ ಚಿತ್ರಕಾರ ರೂಬೆನ್ಸ್ 1628–29ರಲ್ಲಿ ಮ್ಯಾಡ್ರಿಡ್‌ಗೆ ಹೋದಾಗ ಅವರಿಗೆ ವಯಸ್ಸು ಐವತ್ತು ದಾಟಿತ್ತು. ಆಗಲೇ ಯುರೋಪಿನ ತುಂಬಾ ಹೆಸರು ಮಾಡಿದ್ದರು. ಅಲ್ಲಿ ಕೂತು ತಮಗಿಂತ ಹಿಂದಿನ ಇಟಲಿಯ ಚಿತ್ರಕಾರ ಟಿಶಿಯನ್ನನ ಚಿತ್ರಗಳನ್ನು ನಕಲು ಮಾಡಿದರು.

ಚೌಕಗೆರೆ:

ಮೊದಲು ಅಳತೆ ನೋಡಿಕೊಳ್ಳಿ. ಮೂಲ ಚಿತ್ರ 73 × 57.7 ಸೆಂಟಿಮೀಟರ್. ಅದೇ ಅಳತೆಗೆ ಹೋಗುವುದು ಬೇಡ, ಸ್ವಲ್ಪ ಚಿಕ್ಕದು ಮಾಡಿ. ಪ್ಯಾರಿಸ್ಸಿನ ಮ್ಯೂಸಿಯಂ ಲೂವ್ರ್‌ನಲ್ಲಿ ಕೂತು ನಕಲು ಮಾಡುವವರಿಗೆ ಇದು ನಿಯಮವೇ ಆಗಿದೆ. ನಕಲು ಮೂಲಕ್ಕಿಂತ ಐದರಲ್ಲೊಂದು ಪಾಲು ದೊಡ್ಡದಿರಬೇಕು ಇಲ್ಲವೇ ಚಿಕ್ಕದಿರಬೇಕು. ನಾಳೆ ಯಾರೂ ಅದನ್ನು ಮೂಲ ಅಂತ ಮಾರಬಾರದು ಎಂಬುದು ಉದ್ದೇಶ. ನಿಮಗೆ 58 × 46 ಸೆಂಟಿಮೀಟರ್ ಸರಿಹೋಗುತ್ತದೆ. ಇದಕ್ಕಿಂತ ತೀರಾ ಚಿಕ್ಕದು ಬೇಡ. ಕಣ್ಣಿನ ರೆಪ್ಪೆ, ಬೆರಳ ತುದಿ ಬರೆಯಲು ಜಾಗ ಸಾಲುವುದಿಲ್ಲ.

ಗೆರೆ ಕ್ಯಾನ್ವಾಸ್ ಮೇಲೆ ಬೇಡ. ಬೇರೆ ಕಾಗದದಲ್ಲಿ ಬರೆದು, ತಿದ್ದಿ, ಸರಿ ಅನ್ನಿಸಿದ ಮೇಲೆ ಕ್ಯಾನ್ವಾಸಿಗೆ ಇಳಿಸಿ. ಕಾಗದದ ಹಿಂದೆ ಅಂಬರ್ ಎಂಬ ಕಂದು ಮಣ್ಣಿನ ಬಣ್ಣದ ಪುಡಿಯನ್ನೋ ಇದ್ದಿಲನ್ನೋ ಉಜ್ಜಿ, ಮುಂದೆ ಗಟ್ಟಿ ಪೆನ್ಸಿಲ್ಲಿನಿಂದ ಗೆರೆ ತೀಡಿದರೆ ಸಾಕು. ಮಾಮೂಲಿ ಪೆನ್ಸಿಲ್ ಪುಡಿ ಬೇಡ. ತೆಳು ಬಣ್ಣದ ಕೆಳಗಿನಿಂದ ಅದು ಇಣುಕುತ್ತದೆ.

ಹೊಸಕುಂಚ:

ಸುಮ್ನೆ ಟ್ರೇಸ್ ಮಾಡಿಬಿಟ್ಟರೆ ಆಗುವುದಿಲ್ಲವಾ? ನನ್ನ ಉದ್ದೇಶ ಬಣ್ಣ ಕಲಿಯುವುದು, ಗೆರೆ ಅಲ್ಲವಲ್ಲ.

ಮಂದಬೆಳಕು:

ಟ್ರೇಸ್ ಮಾಡಿ, ತಪ್ಪೇನಿದೆ? ಒಂದು ಸಲಕ್ಕೆ ಒಂದು ಕಷ್ಟ ಸಾಕು. ಗೆರೆ ಸರಿ ಇದೆ ಅಂತ ಗೊತ್ತಿದ್ದರೆ ಪೂರ್ತಿ ಗಮನ ಬಣ್ಣದ ಮೇಲೆ ಇರುತ್ತದೆ.

ಚೌಕಗೆರೆ:

ಮಂದಬೆಳಕು ಅವರೇ, ಈ ಚಿತ್ರದ ಮಟ್ಟಿಗೆ ನಾನು ಒಪ್ಪುವುದಿಲ್ಲ. ತಲೆ ಬಾಗಿದೆ, ಜೊತೆಗೆ ಸ್ವಲ್ಪ ತಿರುಗಿದೆ. ಹಣೆ, ಮೂಗು, ಗಲ್ಲ ಒಂದೇ ಸಾಲಿನಲ್ಲಿಲ್ಲ. ಟ್ರೇಸ್ ಮಾಡಿದರೆ ಅಂಚು ಮಾತ್ರ ಸಿಗುತ್ತದೆ. ಆ ಅಂಚಿನ ಒಳಗೆ ಕೆನ್ನೆ ಎಲ್ಲಿ ತಿರುಗುತ್ತದೆ ಅನ್ನುವುದು ಸಿಗುವುದಿಲ್ಲ. ಆಯಿಲ್‌ನಲ್ಲಿ ಮೊದಲ ಪದರ ಹಚ್ಚಿದ ಕೂಡಲೇ ಗೆರೆ ಮುಚ್ಚಿಹೋಗುತ್ತದೆ. ಆಮೇಲೆ ಕೈಯೇ ಮತ್ತೆ ಗೆರೆ ಹುಡುಕಬೇಕು. ಮೂಲದ ಮೇಲೂ ಕಾಗದದ ಮೇಲೂ ಚೌಕ ಹಾಕಿ, ಒಂದೊಂದು ಚೌಕವನ್ನೇ ನೋಡಿ ಬರೆದವರ ಕೈಗೆ ಅದು ನೆನಪಿರುತ್ತದೆ.

ಸಾಸ್ಸೊಫೆರಾಟೊ ಅವರ ಉಳಿದಿರುವ ರೇಖಾಚಿತ್ರಗಳಲ್ಲಿ ಹೆಚ್ಚಿನವು ಇಂಗ್ಲೆಂಡಿನ ವಿಂಡ್ಸರ್ ಅರಮನೆಯಲ್ಲಿವೆ. ಹಲವಕ್ಕೆ ಚೌಕ ಎಳೆದಿದೆ. ಅವರೇ ಆ ದಾರಿ ಹಿಡಿದಿದ್ದರು. ಮುಖದ ಜಾಗಕ್ಕೆ ಸಣ್ಣ ಚೌಕ, ಬಟ್ಟೆಗೆ ದೊಡ್ಡ ಚೌಕ ಹಾಕಿಕೊಳ್ಳಿ. ಬರೆದಾದ ಮೇಲೆ ಟ್ರೇಸ್ ಕಾಗದ ಇಟ್ಟು ತಪ್ಪು ಹುಡುಕಿ. ಟ್ರೇಸಿನ ನಿಜವಾದ ಉಪಯೋಗ ಅದು.

ಮಂದಬೆಳಕು:

ಕೊನೆಗೆ ಹೇಳಿದ್ದು ಒಪ್ಪಿಗೆ. ಹಾಗಾದರೆ ಎರಡೂ ಇರಲಿ.

ಅಗಸೆಎಣ್ಣೆ:

ಈಗ ಹೊಸಕುಂಚ ಅವರ ಮುಖ್ಯ ಪ್ರಶ್ನೆ. ಬೂದು ಪದರ ಹಾಕಿ ಗ್ಲೇಜ್ ಮಾಡಬೇಕಾ, ಇಲ್ಲವಾ?

ಇಂಟರ್ನೆಟ್ಟಿನಲ್ಲಿ ಒಂದು ಪಾಕ ಓಡಾಡುತ್ತಿದೆ. ಪೂರ್ತಿ ಚಿತ್ರವನ್ನು ಕಪ್ಪು ಬಿಳುಪಿನಲ್ಲಿ ಮುಗಿಸಿ, ಮೇಲೆ ತೆಳು ಬಣ್ಣಗಳನ್ನು ಪದರ ಪದರವಾಗಿ ಹಚ್ಚಿ ಅಂತ. ಹಳಬರು ಎಲ್ಲರೂ ಹೀಗೇ ಮಾಡುತ್ತಿದ್ದರು ಅಂತಲೂ ಹೇಳುತ್ತಾರೆ. ಅದು ಹಾಗಲ್ಲ. ಬರೋಕ್ ಕಾಲದ ಹೆಚ್ಚಿನ ಚಿತ್ರಗಳಲ್ಲಿ ಮೈಬಣ್ಣ ಗ್ಲೇಜಿನಿಂದ ಬಂದದ್ದಲ್ಲ. ಬಿಳಿ, ಓಕರ್ ಎಂಬ ಹಳದಿ ಮಣ್ಣಿನ ಬಣ್ಣ, ಕೆಂಪು ಸೇರಿಸಿ ಕಲಸಿದ ಗಟ್ಟಿ ಬಣ್ಣವನ್ನೇ ಹಚ್ಚಿದ್ದಾರೆ. ಗ್ಲೇಜ್ ಇರುವುದು ಬಟ್ಟೆಗಳಲ್ಲಿ. ಲೇಕ್ ಎಂಬ ಪಾರದರ್ಶಕ ಕೆಂಪು, ನೀಲಿ, ಗಾಢ ನೆರಳು ಇಂಥ ಕಡೆ. ಮುಖಕ್ಕೆ ಬೂದು ಪದರದ ಮೇಲೆ ಗ್ಲೇಜ್ ಮಾತ್ರ ಹಚ್ಚಿದರೆ ಬಣ್ಣ ಬಳಿದ ಫೋಟೋ ಥರ ಕಾಣುತ್ತದೆ. ಜೀವ ಇರುವುದಿಲ್ಲ.

ನನ್ನ ಸಲಹೆ ಹೀಗೆ. ಮೊದಲು ಕ್ಯಾನ್ವಾಸಿಗೆ ಕಂದು ನೆಲ, ಅಂದರೆ ಎಲ್ಲಕ್ಕಿಂತ ಕೆಳಗಿನ ಬಣ್ಣದ ಪದರ, ಕೊಡಿ. ಬಿಳಿ ಕ್ಯಾನ್ವಾಸ್ ಮೇಲೆ ಕೂತರೆ ಪ್ರತಿ ಬಣ್ಣವೂ ಜಾಸ್ತಿ ಕಪ್ಪಾಗಿ ಕಾಣುತ್ತದೆ, ಆಗ ಎಲ್ಲವನ್ನೂ ತಿಳಿ ಮಾಡುತ್ತಾ ಹೋಗುತ್ತೀರಿ. ಹದಿನೇಳನೇ ಶತಮಾನದ ಇಟಲಿಯಲ್ಲಿ ಕಂದು, ಕೆಂಗಂದು ನೆಲ ಬಹಳ ಸಾಮಾನ್ಯ. ಬರ್ಂಟ್ ಅಂಬರ್ ಜೊತೆ ಸ್ವಲ್ಪ ಓಕರ್, ಸ್ವಲ್ಪ ಬಿಳಿ ಸೇರಿಸಿ, ಮಧ್ಯಮ ಕಂದು ಮಾಡಿ ತೆಳ್ಳಗೆ ಹಚ್ಚಿ ಒಣಗಲು ಬಿಡಿ. ಅಕ್ರಿಲಿಕ್ ಬಣ್ಣದಲ್ಲೂ ಈ ನೆಲ ಹಾಕಬಹುದು. ಅಕ್ರಿಲಿಕ್ ಮೇಲೆ ಆಯಿಲ್ ಕೂರುತ್ತದೆ. ಆಯಿಲ್ ಮೇಲೆ ಅಕ್ರಿಲಿಕ್ ಎಂದೂ ಬೇಡ, ಕಿತ್ತು ಬರುತ್ತದೆ.

ಎರಡನೆಯದು ಸತ್ತ ಬಣ್ಣದ ಪದರ, ಅಂದರೆ ನೆರಳು ಬೆಳಕು ಮಾತ್ರ ತೋರಿಸುವ ಕೆಳ ಪದರ. ಅಂಬರ್ ಮತ್ತು ಬಿಳಿ ಮಾತ್ರ ಇಟ್ಟುಕೊಂಡು ನೆರಳು ಬೆಳಕು ಗುರುತಿಸಿ. ನೆರಳಿಗೆ ತೆಳ್ಳಗೆ ಅಂಬರ್, ಬೆಳಕಿಗೆ ಸ್ವಲ್ಪ ದಪ್ಪ ಬಿಳಿ. ಮಧ್ಯದ ಛಾಯೆಗೆ ನೆಲವನ್ನೇ ಬಿಟ್ಟುಬಿಡಿ. ಇದನ್ನು ಮುಗಿಸಬೇಡಿ, ಅರ್ಧಕ್ಕೇ ನಿಲ್ಲಿಸಿ. ಕಣ್ಣು ಕಿರಿದು ಮಾಡಿ ದೂರದಿಂದ ನೋಡಿದಾಗ ಮರಿಯಮ್ಮ ಕಂಡರೆ ಸಾಕು. ಅಂಬರ್‌ನಲ್ಲಿ ಮ್ಯಾಂಗನೀಸ್ ಇರುವುದರಿಂದ ಅದು ಬೇಗ ಒಣಗುತ್ತದೆ. ಕೆಳ ಪದರಕ್ಕೆ ಅದನ್ನು ಹಳಬರು ಇಷ್ಟಪಡಲು ಇದೂ ಒಂದು ಕಾರಣ.

ಮೂರನೆಯದು ಮೇಲಿನ ಬಣ್ಣ. ಅದನ್ನು ಆಮೇಲೆ ಹೇಳುತ್ತೇನೆ. ಇಷ್ಟು ಮಾಡಿ ಬನ್ನಿ.

ಹೊಸಕುಂಚ:

ಎಣ್ಣೆ ಎಷ್ಟು ಸೇರಿಸಬೇಕು? ಟರ್ಪೆಂಟೈನ್ ಬೇಕೇ ಬೇಕಾ?

ಅಗಸೆಎಣ್ಣೆ:

ಕೆಳ ಪದರಕ್ಕೆ ಎಣ್ಣೆ ಕಮ್ಮಿ, ಮೇಲೆ ಹೋದಂತೆ ಜಾಸ್ತಿ. ಇದು ಮುರಿಯಬಾರದ ನಿಯಮ. ಜಲವರ್ಣದಲ್ಲಿ ನೀರು ಆವಿಯಾಗಿ ಬಣ್ಣ ಒಣಗುತ್ತದೆ. ಅಗಸೆ ಎಣ್ಣೆ ಆವಿಯಾಗುವುದಿಲ್ಲ. ಗಾಳಿಯ ಆಮ್ಲಜನಕವನ್ನು ಹೀರಿಕೊಂಡು ನಿಧಾನವಾಗಿ ಗಟ್ಟಿ ಪೊರೆಯಾಗುತ್ತದೆ. ಎಣ್ಣೆ ಜಾಸ್ತಿ ಇರುವ ಪದರ ಇನ್ನೂ ಅಲುಗಾಡುತ್ತಿರುವಾಗ ಅದರ ಮೇಲೆ ಬೇಗ ಒಣಗುವ ಪದರ ಕೂರಿಸಿದರೆ, ಮೇಲಿನದು ಬಿರುಕು ಬಿಡುತ್ತದೆ.

ಮೊದಲ ಪದರಕ್ಕೆ ಟ್ಯೂಬಿನ ಬಣ್ಣಕ್ಕೆ, ಅದನ್ನು ತೆಳು ಮಾಡುವ ಟರ್ಪೆಂಟೈನ್‌ನಂಥ ದ್ರಾವಕ ಸ್ವಲ್ಪ. ನಡುವಿನ ಪದರಕ್ಕೆ ಟ್ಯೂಬಿನ ಬಣ್ಣ ಹಾಗೆಯೇ. ಕೊನೆಯ ಗ್ಲೇಜಿಗೆ ಕೆಲವು ಹನಿ ಎಣ್ಣೆ. ಟರ್ಪೆಂಟೈನ್ ವಾಸನೆ ಆಗದವರು ವಾಸನೆಯಿಲ್ಲದ ಮಿನರಲ್ ಸ್ಪಿರಿಟ್ ಬಳಸಬಹುದು. ವಾಸನೆ ಇಲ್ಲ ಅಂದ ಮಾತ್ರಕ್ಕೆ ಆವಿ ಇಲ್ಲ ಅಂತಲ್ಲ, ಕಿಟಕಿ ತೆರೆದಿರಲಿ.

ವಾರ್ನಿಶ್_ಡಬ್ಬಿ:

ಎಲ್ಲರೂ ಬಣ್ಣದ ಬಗ್ಗೆ ಹೇಳುತ್ತಿದ್ದೀರಿ. ನಾನು ಬಟ್ಟೆಯ ಬಗ್ಗೆ ಹೇಳುತ್ತೇನೆ, ದಯವಿಟ್ಟು ಓದಿ. ಅಗಸೆ ಎಣ್ಣೆ ಒಣಗುವಾಗ ಬಿಸಿಯಾಗುತ್ತದೆ. ಕ್ಯಾನ್ವಾಸಿನ ತೆಳು ಪದರದಲ್ಲಿ ಆ ಬಿಸಿ ಗಾಳಿಗೆ ಹೋಗಿಬಿಡುತ್ತದೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬುಟ್ಟಿಗೆ ಎಸೆದರೆ ಬಿಸಿ ಒಳಗೇ ಉಳಿದು, ಬೆಂಕಿ ಕಡ್ಡಿ ಇಲ್ಲದೆಯೇ ಹೊತ್ತಿಕೊಳ್ಳಬಹುದು. ಒರೆಸಿದ ಬಟ್ಟೆಯನ್ನು ಬಿಡಿಸಿ ಹೊರಗೆ ಹರವಿ ಒಣಗಿಸಿ. ಇಲ್ಲವೇ ನೀರು ತುಂಬಿದ ಮುಚ್ಚಳದ ಲೋಹದ ಡಬ್ಬಿಯಲ್ಲಿ ಹಾಕಿ.

ಸೀಸದ ಬಿಳಿ ಬಗ್ಗೆಯೂ ಒಂದು ಮಾತು. ಹಳೆಯ ಚಿತ್ರಗಳ ಬಿಳಿ ಅದೇ. ಆದರೆ ಅದು ವಿಷ. ಕಲಿಯುವ ಹಂತದಲ್ಲಿ ಅದರ ಅಗತ್ಯವಿಲ್ಲ. ಮನೆಯಲ್ಲಿ ಮಕ್ಕಳಿದ್ದರೆ ಅದರ ಯೋಚನೆಯೇ ಬೇಡ.

ಹೊಸಕುಂಚ:

ಕೆಳ ಪದರ ಮುಗಿದು ಒಣಗಿದೆ. ಅಂಬರ್ ಮತ್ತು ಬಿಳಿಯಲ್ಲೇ ಮುಖ ಎದ್ದು ಬಂದದ್ದು ನೋಡಿ ಬಹಳ ಖುಷಿಯಾಯಿತು. ಅದರ ಮೇಲೆ ಮೈಬಣ್ಣ ಶುರು ಮಾಡಿದೆ. ಟೈಟಾನಿಯಂ ವೈಟ್, ಯೆಲ್ಲೋ ಓಕರ್, ಕ್ಯಾಡ್ಮಿಯಂ ರೆಡ್. ಬೆಳಕಿನ ಭಾಗ ಸುಣ್ಣ ಬಳಿದ ಹಾಗಿದೆ. ನೆರಳಿಗೆ ಕಪ್ಪು ಸೇರಿಸಿದೆ, ಅದು ಮಸಿ ಹಿಡಿದಂತೆ ಕಾಣುತ್ತಿದೆ. ಮೂಲದಲ್ಲಿ ಕೆನ್ನೆ ನೆರಳಿಗೆ ಜಾರುವ ಕಡೆ ಮುತ್ತಿನ ಹಾಗೆ ತಣ್ಣಗಿನ ಬೂದು ಇದೆ. ಅದು ಹೇಗೆ ಬರುತ್ತದೆ? ನೀಲಿ ಸೇರಿಸಬೇಕಾ?

ಅಗಸೆಎಣ್ಣೆ:

ಇಡೀ ಚರ್ಚೆಯಲ್ಲಿ ಇದೇ ನನಗೆ ಅತ್ಯಂತ ಇಷ್ಟವಾದ ಪ್ರಶ್ನೆ. ನೀಲಿ ಬೇಡ. ಆ ತಣ್ಣಗಿನ ಬೂದು ಯಾವ ಟ್ಯೂಬಿನಲ್ಲೂ ಇಲ್ಲ. ಪದರದ ಕ್ರಮದಿಂದ ಬರುತ್ತದೆ.

ಒಂದು ಪ್ರಯೋಗ ಮಾಡಿ. ಒಣಗಿದ ಗಾಢ ಕಂದು ನೆಲದ ಮೇಲೆ ತಿಳಿ ಮೈಬಣ್ಣವನ್ನು ಒಂದು ಪಟ್ಟಿಯಾಗಿ ಹಚ್ಚಿ. ಒಂದು ತುದಿಯಲ್ಲಿ ದಪ್ಪ ಇರಲಿ. ಇನ್ನೊಂದು ತುದಿಯತ್ತ ಒಣ ಬ್ರಶ್ಶಿನಿಂದ ಎಳೆಯುತ್ತಾ ಎಳೆಯುತ್ತಾ ತೆಳುವಾಗಿಸಿ. ದಪ್ಪ ಇರುವಲ್ಲಿ ಬೆಚ್ಚಗಿನ ಮೈಬಣ್ಣವೇ ಕಾಣುತ್ತದೆ. ಪೂರ್ತಿ ತೆಳುವಾದ ಕಡೆ ಕಂದು ಕಾಣುತ್ತದೆ. ನಡುವೆ ಒಂದು ಜಾಗದಲ್ಲಿ ಬಣ್ಣ ನೀಲಿ ಬೂದಿಗೆ ತಿರುಗುತ್ತದೆ. ಗಾಢ ನೆಲದ ಮೇಲೆ ಅರೆಪಾರದರ್ಶಕ ತಿಳಿ ಪೊರೆ ಇದ್ದಾಗ ಬೆಳಕಿನಲ್ಲಿರುವ ನೀಲಿ ಪಾಲು ಹೆಚ್ಚು ಚದುರಿ ನಮ್ಮ ಕಣ್ಣಿಗೆ ಬರುತ್ತದೆ. ಕಪ್ಪು ಗೋಡೆಯ ಮುಂದೆ ಹೊಗೆ ನೀಲಿಯಾಗಿ ಕಾಣುವುದೂ ಇದರಿಂದಲೇ.

ಅಂದರೆ ಕೆನ್ನೆಯ ಆ ಮುತ್ತಿನ ಬಣ್ಣ ಬೇಕಾದರೆ ಬೆಳಕಿನ ಬಣ್ಣವನ್ನು ನೆರಳಿನ ಕಡೆಗೆ ಎಳೆದು ತೆಳ್ಳಗೆ ಮಾಡಬೇಕು. ನೆರಳಿನ ಬಣ್ಣವನ್ನು ಬೆಳಕಿನೊಳಗೆ ತಂದು ಕಲೆಸಬಾರದು. ಕಲೆಸಿದರೆ ಕೆಸರು. ನೆರಳಿನ ಭಾಗದಲ್ಲಿ ನೀವು ಬಿಟ್ಟಿರುವ ಅಂಬರ್ ಪದರವೇ ನೆರಳು. ಅದರ ಮೇಲೆ ಹೆಚ್ಚೇನೂ ಹಚ್ಚಬೇಕಿಲ್ಲ. ಕಪ್ಪು ಒರೆಸಿಬಿಡಿ, ಇನ್ನೂ ಹಸಿ ಇರುತ್ತದೆ. ಕೊನೆಯಲ್ಲಿ ಒಂದು ತೆಳು ಬೆಚ್ಚಗಿನ ಗ್ಲೇಜ್ ಸಾಕು.

ಇದನ್ನು ಓದಿ ತಿಳಿದುಕೊಂಡರೂ ಕೈಗೆ ಬರಲು ಸಮಯ ಬೇಕು. ಮುಖಕ್ಕೆ ಹೋಗುವ ಮೊದಲು ಹಳೆಯ ಕ್ಯಾನ್ವಾಸ್ ತುಂಡಿನ ಮೇಲೆ ಬರೀ ಕೆನ್ನೆಯನ್ನು ಬರೆದು ನೋಡಿ.

ಸುಣ್ಣದ ಹಾಗಿರುವುದಕ್ಕೆ ಕಾರಣ ಟೈಟಾನಿಯಂ. ಅದು ಕಲಾವಿದರ ಕೈಗೆ ಬಂದದ್ದು ಇಪ್ಪತ್ತನೇ ಶತಮಾನದಲ್ಲಿ. ಬಹಳ ತಣ್ಣಗಿನ, ಬಹಳ ಬಲವಾದ ಬಿಳಿ. ಚೂರು ಸೇರಿಸಿದರೂ ಉಳಿದ ಬಣ್ಣವನ್ನೆಲ್ಲ ನುಂಗುತ್ತದೆ. ಸೀಸದ ಬಿಳಿ ಹಾಗಲ್ಲ. ಸ್ವಲ್ಪ ಬೆಚ್ಚಗಿದೆ, ತೆಳ್ಳಗೆ ಹಚ್ಚಿದರೆ ಕೆಳಗಿನದು ಕಾಣುತ್ತದೆ. ಆ ಗುಣಕ್ಕೆ ಹತ್ತಿರ ಬರಲು ಒಂದು ದಾರಿ ಇದೆ. ನುಣ್ಣನೆಯ ಸೀಮೆಸುಣ್ಣದ ಪುಡಿಯನ್ನು, ಅಂದರೆ ಕ್ಯಾಲ್ಸಿಯಂ ಕಾರ್ಬೋನೇಟನ್ನು, ಅಗಸೆ ಎಣ್ಣೆಯಲ್ಲಿ ಅರೆದು ಪೇಸ್ಟ್ ಮಾಡಿ. ಎಣ್ಣೆಯಲ್ಲಿ ಅದು ಬಿಳಿಯಾಗಿ ಉಳಿಯುವುದಿಲ್ಲ, ಹೆಚ್ಚುಕಮ್ಮಿ ಪಾರದರ್ಶಕವಾಗುತ್ತದೆ. ಟೈಟಾನಿಯಂಗೆ ಅದನ್ನು ಸೇರಿಸಿದರೆ ಬಲ ತಗ್ಗುತ್ತದೆ. ಸ್ಪೇನಿನ ಚಿತ್ರಕಾರ ವೆಲಾಸ್ಕೆಥ್ ಕೂಡ ತಮ್ಮ ಬಣ್ಣಗಳಿಗೆ ಕ್ಯಾಲ್ಸೈಟ್, ಅಂದರೆ ಇದೇ ಕ್ಯಾಲ್ಸಿಯಂ ಕಾರ್ಬೋನೇಟ್, ಸೇರಿಸುತ್ತಿದ್ದರು. ಜಿಂಕ್ ವೈಟ್ ಒಂದನ್ನೇ ನಂಬಬೇಡಿ. ಪಾರದರ್ಶಕ ನಿಜ, ಆದರೆ ವರ್ಷಗಳು ಕಳೆದಂತೆ ಪೊರೆ ಪೆಡಸಾಗುತ್ತದೆ.

ಚೌಕಗೆರೆ:

ಇದಕ್ಕೆ ಒಂದು ಮಾತು ಸೇರಿಸುತ್ತೇನೆ. ಅಂಚುಗಳನ್ನು ನೋಡಿ. ಮುಸುಕಿನ ಬೆಳಕು ಬಿದ್ದ ಮಡಿಕೆ ಚೂರಿಯಂತೆ ಚೂಪಾಗಿದೆ. ಮುಸುಕಿನ ನೆರಳು ಮುಖದ ಮೇಲೆ ಬೀಳುವ ಕಡೆ ಅಂಚು ಮೃದು. ಹೊದಿಕೆ ಹಿನ್ನೆಲೆಗೆ ಸೇರುವ ಕಡೆ ಅಂಚು ಕರಗಿಯೇ ಹೋಗಿದೆ. ಹೊಸಬರು ಎಲ್ಲ ಅಂಚನ್ನೂ ಒಂದೇ ಥರ ಚೂಪು ಮಾಡುತ್ತಾರೆ. ಹಾಗೆ ಮಾಡಿದರೆ ಕಾಗದ ಕತ್ತರಿಸಿ ಅಂಟಿಸಿದಂತೆ ಕಾಣುತ್ತದೆ.

ಮೈಯನ್ನು ನುಣುಪು ಮಾಡಲು ಮೆತ್ತನೆಯ, ಒಣಗಿದ ದೊಡ್ಡ ಬ್ರಶ್ ಇಟ್ಟುಕೊಳ್ಳಿ. ಬಣ್ಣ ಸ್ವಲ್ಪ ಅಂಟಂಟಾದಾಗ ಅದರಿಂದ ಹಗುರವಾಗಿ ಸವರಿ. ಪ್ರತಿ ಸವರಿಗೂ ತುದಿ ಒರೆಸಿಕೊಳ್ಳಿ. ಸಾಸ್ಸೊಫೆರಾಟೊ ಅವರ ಮುಖಗಳಲ್ಲಿ ಬ್ರಶ್ಶಿನ ಗುರುತೇ ಕಾಣುವುದಿಲ್ಲ. ಆದರೆ ಮೊದಲು ಛಾಯೆ ಸರಿಯಾಗಲಿ, ಆಮೇಲೆ ನುಣುಪು.

ಹೊಸಕುಂಚ:

ಕಂದು ಪಟ್ಟಿಯ ಪ್ರಯೋಗ ಮಾಡಿದೆ. ಓಕರ್ ಮತ್ತು ಕೆಂಪು ಮಾತ್ರ ಇದ್ದ ಬಣ್ಣ ನಡುವೆ ನೀಲಿ ಬೂದಾಯಿತು! ಕಣ್ಣಾರೆ ನೋಡಿದರೂ ನಂಬುವುದು ಕಷ್ಟ. ಕಪ್ಪನ್ನು ಪ್ಯಾಲೆಟ್ಟಿನಿಂದ ತೆಗೆದಿದ್ದೇನೆ. ಮುಖ ನಿಧಾನವಾಗಿ ಬರುತ್ತಿದೆ.

ಈಗ ನೀಲಿಯ ಭಯ. ನನ್ನ ಹತ್ತಿರ ಅಲ್ಟ್ರಾಮರೀನ್ ಮತ್ತು ಪ್ರಶ್ಯನ್ ಬ್ಲೂ ಎರಡೂ ಇವೆ. ಇನ್ನೊಂದು ತೊಂದರೆ: ಇಂಟರ್ನೆಟ್ಟಿನಲ್ಲಿ ಸಿಗುವ ಒಂದೊಂದು ಫೋಟೋದಲ್ಲೂ ನೀಲಿ ಬೇರೆ ಬೇರೆ. ಯಾವುದನ್ನು ನಂಬಲಿ?

ವಾರ್ನಿಶ್_ಡಬ್ಬಿ:

ಮ್ಯೂಸಿಯಂ ತಾನೇ ಹಾಕಿರುವ ದೊಡ್ಡ ಫೋಟೋ ಒಂದನ್ನು ಆರಿಸಿ, ಕೊನೆಯವರೆಗೂ ಅದನ್ನೇ ನಂಬಿ. ನಡುವೆ ಬದಲಿಸಬೇಡಿ. ಪರದೆ ಬೆಳಕು ಸೂಸುತ್ತದೆ, ಕ್ಯಾನ್ವಾಸ್ ಸೂಸುವುದಿಲ್ಲ. ಹಾಗಾಗಿ ಪರದೆಯ ಬಣ್ಣವನ್ನು ಇದ್ದ ಹಾಗೆ ಹಿಡಿಯಲು ಆಗುವುದಿಲ್ಲ. ಚಿತ್ರದೊಳಗಿನ ಬಣ್ಣಗಳ ನಡುವಿನ ಅಂತರ ಹಿಡಿಯಿರಿ. ಮುಸುಕಿಗಿಂತ ಹಣೆ ಎಷ್ಟು ಗಾಢ, ಹಣೆಗಿಂತ ಕೈ ಎಷ್ಟು ಕೆಂಪು, ಹೀಗೆ. ಛಾಯೆಗಾಗಿ ಅದೇ ಫೋಟೋದ ಕಪ್ಪು ಬಿಳುಪು ಪ್ರಿಂಟ್ ಒಂದನ್ನು ಪಕ್ಕದಲ್ಲಿಡಿ.

ಮುಖ್ಯವಾದದ್ದು ಇದು. ಹಳೆಯ ಚಿತ್ರವನ್ನು ನಕಲು ಮಾಡುವವರು ಅದರ ವಯಸ್ಸನ್ನೂ ನಕಲು ಮಾಡಿಬಿಡುತ್ತಾರೆ. ಚಿತ್ರವನ್ನು ಕಾಪಾಡಲು ಮೇಲೆ ಹಚ್ಚಿದ ಹಳೆಯ ರಾಳದ ವಾರ್ನಿಶ್ ಹಳದಿಯಾಗುತ್ತದೆ. ಆಗ ಕೆಳಗಿನ ನೀಲಿ ಹಸಿರಾಗಿ, ಬಿಳಿ ಜೇನಿನ ಬಣ್ಣವಾಗಿ ಕಾಣುತ್ತದೆ. ಎಣ್ಣೆಯ ಪೊರೆ ನೂರಾರು ವರ್ಷಗಳಲ್ಲಿ ಇನ್ನಷ್ಟು ಪಾರದರ್ಶಕವಾಗುತ್ತದೆ. ಕೆಳಗಿನ ಗಾಢ ನೆಲ ಮೇಲೆ ಬರುತ್ತದೆ, ನೆರಳು ಇನ್ನೂ ಕಪ್ಪಾಗುತ್ತದೆ. ಕೆಂಪು ಲೇಕ್ ಬೆಳಕಿಗೆ ಮಾಸುತ್ತದೆ. ಅಲ್ಟ್ರಾಮರೀನ್ ಕೆಲವು ಚಿತ್ರಗಳಲ್ಲಿ ಬೂದು ಬೂದಾಗಿ ಸುಟ್ಟಂತೆ ಆಗುತ್ತದೆ. ಯಾವ ಕಲಾವಿದನೂ ಇದನ್ನು ಬಯಸಿರಲಿಲ್ಲ. ಹಳದಿ ಕವಿದ ಒಂದು ಫೋಟೋ ನೋಡಿ ಬಿಳಿ ಮುಸುಕನ್ನು ಹಳದಿ ಮಾಡಬೇಡಿ.

ಮಂದಬೆಳಕು:

ಇಲ್ಲಿ ನನ್ನದೊಂದು ಭಿನ್ನಾಭಿಪ್ರಾಯ. ನಾವು ಪ್ರೀತಿಸಿದ್ದು ಇವತ್ತು ಕಾಣುವ ಚಿತ್ರವನ್ನು. ಆ ಬೆಚ್ಚಗಿನ ಹೊಳಪು, ಆ ಆಳವಾದ ಕತ್ತಲೆ ಅದರ ಭಾಗವೇ ಆಗಿಹೋಗಿದೆ. 1640ರಲ್ಲಿ ಹೇಗಿತ್ತು ಅಂತ ಊಹಿಸಿ ಬರೆಯುವುದಕ್ಕಿಂತ ಕಣ್ಣಿಗೆ ಕಂಡದ್ದನ್ನು ಬರೆಯುವುದು ಹೆಚ್ಚು ಪ್ರಾಮಾಣಿಕ ಅಲ್ವಾ?

ವಾರ್ನಿಶ್_ಡಬ್ಬಿ:

ಕಂಡದ್ದನ್ನು ಬರೆಯಿರಿ, ಆದರೆ ಯಾವ ಪದರದಲ್ಲಿ ಅನ್ನುವುದು ಮುಖ್ಯ. ಹಳದಿಯನ್ನು ಪ್ಯಾಲೆಟ್ಟಿನಲ್ಲೇ ಎಲ್ಲ ಬಣ್ಣಕ್ಕೂ ಬೆರೆಸಿದರೆ ಚಿತ್ರ ಮಂಕಾಗುತ್ತದೆ, ಅದನ್ನು ಮತ್ತೆ ತೆಗೆಯಲೂ ಆಗುವುದಿಲ್ಲ. ಚಿತ್ರವನ್ನು ಸ್ವಚ್ಛವಾಗಿ ಬರೆಯಿರಿ. ಬೆಚ್ಚಗಿನ ಹೊಳಪು ಬೇಕೆನಿಸಿದರೆ ಕೊನೆಯ ವಾರ್ನಿಶ್‌ನಲ್ಲಿ ಸ್ವಲ್ಪ ಬಣ್ಣ ಸೇರಿಸಿ. ವಾರ್ನಿಶ್ ತೆಗೆಯಬಹುದು. ಬಣ್ಣ ತೆಗೆಯಲಾಗದು.

ಮಂದಬೆಳಕು:

ಸರಿ. ಇದು ನನಗೆ ಹೊಳೆದಿರಲಿಲ್ಲ. ನನ್ನ ಮುಂದಿನ ನಕಲಿನಲ್ಲಿ ಹೀಗೇ ಮಾಡುತ್ತೇನೆ.

ಅಗಸೆಎಣ್ಣೆ:

ನೀಲಿಗೆ ಬರೋಣ. ಪ್ರಶ್ಯನ್ ಬ್ಲೂ ಎತ್ತಿಡಿ. ಅದು ಬರ್ಲಿನ್ನಿನಲ್ಲಿ ಹುಟ್ಟಿದ್ದೇ ಹದಿನೆಂಟನೇ ಶತಮಾನದ ಮೊದಲ ವರ್ಷಗಳಲ್ಲಿ. ಸಾಸ್ಸೊಫೆರಾಟೊ ಅದನ್ನು ಕಂಡೇ ಇಲ್ಲ. ಹಸಿರು ಛಾಯೆಯ ನೀಲಿ ಅದು, ಮರಿಯಮ್ಮನ ಹೊದಿಕೆಗೆ ಹೊಂದುವುದಿಲ್ಲ.

ಅವರ ಕಾಲದ ಅಲ್ಟ್ರಾಮರೀನ್ ಲಾಪಿಸ್ ಲಾಜುಲಿ ಕಲ್ಲಿನದು. ಆ ಕಲ್ಲು ಅಫ್ಘಾನಿಸ್ತಾನದ ಬದಕ್ಷಾನ್ ಗಣಿಗಳಿಂದ ಯುರೋಪಿಗೆ ಹೋಗುತ್ತಿತ್ತು. ಎಲ್ಲಕ್ಕಿಂತ ದುಬಾರಿ ನೀಲಿ, ಆದ್ದರಿಂದ ಮರಿಯಮ್ಮನಿಗೆ ಮೀಸಲು. ಟ್ಯೂಬಿನಲ್ಲಿರುವುದು ಕೃತಕ ಅಲ್ಟ್ರಾಮರೀನ್. 1820ರ ದಶಕದ ಕೊನೆಯಲ್ಲಿ ಫ್ರಾನ್ಸಿನಲ್ಲಿ ಅದನ್ನು ಮಾಡುವ ವಿಧಾನ ಸಿಕ್ಕಿತು. ಬಣ್ಣ ಕೊಡುವ ರಾಸಾಯನಿಕ ಎರಡರಲ್ಲೂ ಒಂದೇ. ಹಾಗಾಗಿ ಧೈರ್ಯವಾಗಿ ಬಳಸಿ.

ಇದರದೊಂದು ಗುಣ ತಿಳಿದಿರಲಿ. ಎಣ್ಣೆಯಲ್ಲಿ ಅಲ್ಟ್ರಾಮರೀನ್ ಪಾರದರ್ಶಕ. ಒಂದನ್ನೇ ದಪ್ಪಗೆ ಹಚ್ಚಿದರೆ ಕಪ್ಪು ಕಾಣುತ್ತದೆ. ಬಿಳಿ ಸೇರಿದರೆ ಮಾತ್ರ ಅದರ ನೀಲಿ ಹೊರಗೆ ಬರುತ್ತದೆ. ಈ ಗುಣವನ್ನೇ ಬಳಸಿಕೊಳ್ಳಿ. ಹೊದಿಕೆಯ ಬೆಳಕಿನ ಭಾಗವನ್ನು ಮೊದಲು ಬಿಳಿ ಮತ್ತು ಸ್ವಲ್ಪ ನೀಲಿಯಲ್ಲಿ, ನಿಮಗೆ ಬೇಕಾದ್ದಕ್ಕಿಂತ ತಿಳಿಯಾಗಿ ಬರೆಯಿರಿ. ನೆರಳಿಗೆ ಬಿಳಿ ಕಮ್ಮಿ. ಪೂರ್ತಿ ಒಣಗಲಿ. ಆಮೇಲೆ ಶುದ್ಧ ಅಲ್ಟ್ರಾಮರೀನನ್ನು ಕೆಲವು ಹನಿ ಎಣ್ಣೆಯಲ್ಲಿ ಕಲಸಿ ಇಡೀ ಹೊದಿಕೆಯ ಮೇಲೆ ಸವರಿ, ಬೆಳಕಿನ ಮಡಿಕೆಗಳ ಮೇಲಿಂದ ಬೆರಳಿನಿಂದಲೋ ಬಟ್ಟೆಯಿಂದಲೋ ಒರೆಸಿ. ಬೆಳಕು ಗ್ಲೇಜ್ ದಾಟಿ, ಕೆಳಗಿನ ಬಿಳಿಗೆ ತಾಗಿ ವಾಪಸ್ ಬರುತ್ತದೆ. ಪ್ಯಾಲೆಟ್ಟಿನ ಮೇಲೆ ಎಷ್ಟು ಕಲಸಿದರೂ ಆ ಆಳ ಸಿಗುವುದಿಲ್ಲ. ಕೈಗವಸು ಹಾಕಿಕೊಂಡು ಮಾಡಿ.

ಕೆಂಪು ಉಡುಪಿಗೂ ಇದೇ ದಾರಿ. ಕೆಳಗೆ ಕ್ಯಾಡ್ಮಿಯಂ ರೆಡ್ ಮತ್ತು ಓಕರ್, ಮೇಲೆ ಪಾರದರ್ಶಕ ಕಡುಗೆಂಪು. ಅಲಿಜರಿನ್ ಕ್ರಿಮ್ಸನ್ ಬೆಳಕಿಗೆ ಮಾಸುತ್ತದೆ, ಅದರ ಬದಲು ಕ್ವಿನಾಕ್ರಿಡೋನ್ ಎಂಬ ಕೆಂಪು ತೆಗೆದುಕೊಳ್ಳಿ.

ಹೊಸಕುಂಚ:

ಒಂದು ಬೇರೆ ಥರದ ಪ್ರಶ್ನೆ. ನಾನು ಕ್ರೈಸ್ತಳಲ್ಲ. ಈ ಮುಖವನ್ನು ಇಷ್ಟು ಹೊತ್ತು ನೋಡುತ್ತಾ ಕೂತಾಗ ಇದು ಬರೀ ಅಭ್ಯಾಸದ ಚಿತ್ರ ಅನ್ನಿಸುವುದಿಲ್ಲ. ಯಾರದೋ ಪ್ರಾರ್ಥನೆಯ ನಡುವೆ ಹೋಗಿ ನಿಂತ ಹಾಗಿದೆ. ಹಾಗೆ ನಕಲು ಮಾಡುವುದು ಸರಿಯಾ? ನಿಮಗೂ ಹೀಗೆ ಅನ್ನಿಸಿದೆಯಾ?

ಮಂದಬೆಳಕು:

ನಾನು ಕ್ರೈಸ್ತ ಮನೆತನದವನು. ಖಂಡಿತ ಸರಿ. ನಿಮಗೆ ಹಾಗನ್ನಿಸಿದ್ದು ಚಿತ್ರ ತನ್ನ ಕೆಲಸ ಮಾಡುತ್ತಿರುವುದಕ್ಕೆ ಸಾಕ್ಷಿ.

ಇಂಥ ಚಿತ್ರಗಳು ದೊಡ್ಡ ಬಲಿಪೀಠಕ್ಕಾಗಿ ಬರೆದವಲ್ಲ. ಒಬ್ಬರು ಹತ್ತಿರ ಕೂತು ಪ್ರಾರ್ಥನೆ ಮಾಡಲು ಬರೆದವು. ಆದ್ದರಿಂದಲೇ ಇಲ್ಲಿ ಕಥೆ ಇಲ್ಲ, ದೇವದೂತರಿಲ್ಲ, ಹಿಂದೆ ಬೆಟ್ಟ ಗುಡ್ಡ ಇಲ್ಲ. 1563ರಲ್ಲಿ ಕ್ಯಾಥೊಲಿಕ್ ಬಿಷಪ್ಪರ ಟ್ರೆಂಟ್ ಧರ್ಮಸಭೆ ಪವಿತ್ರ ಚಿತ್ರಗಳ ಬಗ್ಗೆ ತನ್ನ ತೀರ್ಮಾನ ಕೊಟ್ಟಿತು. ಚಿತ್ರ ಜನರಿಗೆ ಕಲಿಸಬೇಕು, ಭಕ್ತಿಗೆ ಪ್ರೇರೇಪಿಸಬೇಕು, ಗೊಂದಲ ಹುಟ್ಟಿಸಬಾರದು ಎಂಬುದು ಅದರ ಸಾರ. ಮುಂದಿನ ನೂರು ವರ್ಷದ ಕ್ಯಾಥೊಲಿಕ್ ಚಿತ್ರಕಲೆಯಲ್ಲಿ ಅದರ ಪ್ರಭಾವ ಕಾಣುತ್ತದೆ. ಕೆಲವರು ದೊಡ್ಡ ನಾಟಕೀಯ ದೃಶ್ಯಗಳನ್ನು ಬರೆದರು. ಸಾಸ್ಸೊಫೆರಾಟೊ ಎಲ್ಲವನ್ನೂ ತೆಗೆದುಹಾಕಿ ಒಂದು ಬಾಗಿದ ತಲೆ, ಎರಡು ಕೈ ಉಳಿಸಿದರು.

ಬ್ರಶ್ ಹಿಡಿದಾಗ ಇದು ನೆನಪಿರಲಿ. ಆಕೆ ನಮ್ಮನ್ನು ನೋಡುತ್ತಿಲ್ಲ. ಮೇಲಿನ ರೆಪ್ಪೆ ಕಣ್ಣುಗುಡ್ಡೆಯ ದುಂಡನ್ನು ಹಿಡಿದು ಇಳಿದಿದೆ. ಅಲ್ಲಿ ಒಂದು ಗಟ್ಟಿ ಕಪ್ಪು ಗೆರೆ ಎಳೆದರೆ ನಿದ್ದೆ ಹೋದಂತೆ ಕಾಣುತ್ತದೆ. ರೆಪ್ಪೆಯ ಕೆಳಗೆ ನೆರಳು ಮೃದುವಾಗಿದ್ದರೆ ಎಚ್ಚರವಿದ್ದು ಒಳಗೆ ನೋಡುತ್ತಿರುವಂತೆ ಕಾಣುತ್ತದೆ. ಬೆರಳುಗಳೂ ಹಾಗೇ. ಒತ್ತಿ ಹಿಡಿದಿಲ್ಲ, ಮೆಲ್ಲಗೆ ತಾಗಿವೆ. ತಾಗುವ ಜಾಗದಲ್ಲಿ ನೆರಳನ್ನು ಜಾಸ್ತಿ ಗಾಢ ಮಾಡಬೇಡಿ.

ಹೊಸಕುಂಚ:

ಇದನ್ನು ಓದಿ ಮತ್ತೆ ಕಣ್ಣಿಗೆ ಹೋದೆ. ರೆಪ್ಪೆಯ ಗೆರೆಯನ್ನು ಒಣ ಬ್ರಶ್ಶಿನಿಂದ ಸವರಿ ಮೃದು ಮಾಡಿದೆ. ಮುಖವೇ ಬದಲಾಯಿತು. ಧನ್ಯವಾದ ಮಂದಬೆಳಕು ಸರ್.

ನೀಲಿ ಗ್ಲೇಜ್ ಕೂಡ ಆಯಿತು. ಒರೆಸುವಾಗ ಮಡಿಕೆಗಳು ಒಂದೊಂದಾಗಿ ಬೆಳಗುತ್ತಾ ಬಂದವು. ಆದರೆ ಹಿನ್ನೆಲೆಯ ಕಪ್ಪು ಒಣಗಿದ ಮೇಲೆ ಅಲ್ಲಲ್ಲಿ ಹೊಳಪು ಹೋಗಿ ಬೂದಾಗಿದೆ. ಅದರ ಮೇಲೆ ಮತ್ತೆ ಕಪ್ಪು ಹಚ್ಚಲಾ?

ವಾರ್ನಿಶ್_ಡಬ್ಬಿ:

ಹಚ್ಚಬೇಡಿ. ಬಣ್ಣ ಕೆಟ್ಟಿಲ್ಲ. ಕೆಳಗಿನ ಪದರ ಎಣ್ಣೆ ಹೀರಿಕೊಂಡಿದೆ, ಆದ್ದರಿಂದ ಮೇಲ್ಮೈ ಮಂಕಾಗಿದೆ. ಗಾಢ ಬಣ್ಣಗಳಲ್ಲಿ, ಅದರಲ್ಲೂ ಅಂಬರ್‌ನಲ್ಲಿ ಇದು ಸಾಮಾನ್ಯ. ಮುಟ್ಟಿದರೆ ಅಂಟದಷ್ಟು ಒಣಗಿದ ಮೇಲೆ, ಒಂದು ಹನಿ ಅಗಸೆ ಎಣ್ಣೆಗೆ ಸ್ವಲ್ಪ ದ್ರಾವಕ ಸೇರಿಸಿ, ಮಂಕಾದ ಕಡೆ ಮಾತ್ರ ತೀರಾ ತೆಳ್ಳಗೆ ಸವರಿ. ನಿಮಿಷ ಬಿಟ್ಟು ಹೆಚ್ಚಾದದ್ದನ್ನು ಒಣ ಬಟ್ಟೆಯಿಂದ ಪೂರ್ತಿ ಒರೆಸಿ. ಕಪ್ಪು ವಾಪಸ್ ಬರುತ್ತದೆ. ಉಳಿದದ್ದನ್ನು ವಾರ್ನಿಶ್ ಸರಿ ಮಾಡುತ್ತದೆ.

ವಾರ್ನಿಶ್‌ಗೆ ಅವಸರ ಬೇಡ. ಮೇಲೆ ಒಣಗಿದಂತೆ ಕಂಡರೂ ಒಳಗೆ ಎಣ್ಣೆ ಇನ್ನೂ ಗಟ್ಟಿಯಾಗುತ್ತಿರುತ್ತದೆ. ಹಳೆಯ ರೀತಿಯ ರಾಳದ ವಾರ್ನಿಶ್ ಆದರೆ ಆರು ತಿಂಗಳಿಂದ ಒಂದು ವರ್ಷ ಕಾಯಿರಿ. ಅಲ್ಲಿಯವರೆಗೆ ಧೂಳು ಬೀಳದ, ಆದರೆ ಬೆಳಕಿರುವ ಜಾಗದಲ್ಲಿಡಿ. ಕತ್ತಲೆಯಲ್ಲಿ ಇಟ್ಟರೆ ಅಗಸೆ ಎಣ್ಣೆ ಹಳದಿಯಾಗುತ್ತದೆ.

ಚೌಕಗೆರೆ:

ಕ್ಯಾನ್ವಾಸಿನ ಹಿಂದೆ ‘ಸಾಸ್ಸೊಫೆರಾಟೊ ಅವರ ಚಿತ್ರದ ನಕಲು’ ಅಂತ ಬರೆದು, ನಿಮ್ಮ ಹೆಸರು, ವರ್ಷ ಹಾಕಿ. ಯಾವ ಯಾವ ಬಣ್ಣ ಬಳಸಿದಿರಿ ಅನ್ನುವುದನ್ನೂ ಬರೆದಿಡಿ. ಮುಂದೆ ಯಾವುದಾದರೂ ಮಾಸಿದರೆ ಕಾರಣ ಗೊತ್ತಾಗುತ್ತದೆ.

ಹೊಸಕುಂಚ:

ಬರೆದೆ. ಮುಂದೆ ಯಾವುದನ್ನು ಹಿಡಿಯಲಿ? ಇಟಲಿಯ ಕಾರವಾಜ್ಜೊ ಯೇಸುವನ್ನು ಸಮಾಧಿ ಮಾಡುವುದನ್ನು ಬರೆದ ‘ಸಮಾಧಿ’ ಚಿತ್ರದ ಮೇಲೆ ಕಣ್ಣಿದೆ.

ಅಗಸೆಎಣ್ಣೆ:

ಅದರಲ್ಲಿ ಆರು ಜನ ಇದ್ದಾರೆ, ಸದ್ಯಕ್ಕೆ ಬೇಡ. ರೂಬೆನ್ಸ್ ಅದನ್ನು ನಕಲು ಮಾಡುವಾಗ ಜನರ ಜೋಡಣೆಯನ್ನೇ ತಮಗೆ ಬೇಕಾದ ಹಾಗೆ ಬದಲಿಸಿಕೊಂಡರು. ಆ ಧೈರ್ಯ ಆಮೇಲೆ ಬರುತ್ತದೆ.

ನನ್ನನ್ನು ಕೇಳಿದರೆ ಸ್ಪೇನಿನ ಚಿತ್ರಕಾರ ಥುರ್ಬರಾನ್ ಅವರ ‘ಧ್ಯಾನದಲ್ಲಿರುವ ಸಂತ ಫ್ರಾನ್ಸಿಸ್’ ಹಿಡಿಯಿರಿ. 1635–39ರದು, ಅದೂ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲೇ ಇದೆ. ಮೊಣಕಾಲೂರಿ ಕೂತ ಸಂತ, ತೇಪೆ ಹಾಕಿದ ಒರಟು ನಿಲುವಂಗಿ, ಕೈಯಲ್ಲಿ ತಲೆಬುರುಡೆ. ಮುಖದ ಬಹುಪಾಲು ನಿಲುವಂಗಿಯ ಟೋಪಿಯ ನೆರಳಿನಲ್ಲಿದೆ. ನೀಲಿ ಇಲ್ಲ, ಕೆಂಪು ಉಡುಪಿಲ್ಲ, ಹೆಚ್ಚುಕಮ್ಮಿ ಮಣ್ಣಿನ ಬಣ್ಣಗಳೇ. ನುಣುಪು ಮೈ ಬಿಟ್ಟು ಒರಟು ಬಟ್ಟೆ ಬರೆಯುವುದನ್ನು ಅದರಲ್ಲಿ ಕಲಿಯಬಹುದು. ನೆರಳಿನ ಒಳಗೆ ಮುಖ ಬರೆಯುವುದನ್ನೂ ಕಲಿಯಬಹುದು. ಇಡೀ ಚಿತ್ರ ಬೇಡ. ಎದೆಯಿಂದ ಮೇಲೆ, ಟೋಪಿ ಮತ್ತು ಮುಖ ಮಾತ್ರ ತೆಗೆದುಕೊಳ್ಳಿ. ನೆಲ ಈ ಸಲ ಇನ್ನೂ ಸ್ವಲ್ಪ ಗಾಢ ಇರಲಿ.

ಹೊಸಕುಂಚ:

ಸರಿ. ಈ ವಾರ ಕ್ಯಾನ್ವಾಸಿಗೆ ನೆಲ ಹಚ್ಚುತ್ತೇನೆ. ಚೌಕಗೆರೆ ಅವರೇ, ಟೋಪಿಯ ಒಳಗಿನ ಮುಖದ ಗೆರೆ ಬರೆದು ಇಲ್ಲಿ ಹಾಕುತ್ತೇನೆ, ಬಣ್ಣಕ್ಕೆ ಹೋಗುವ ಮೊದಲು ಒಮ್ಮೆ ನೋಡಿ ಹೇಳಿ.

ಚೌಕಗೆರೆ:

ಹಾಕಿ, ನೋಡುತ್ತೇನೆ. ಮೂಗಿನ ತುದಿ ಎಲ್ಲಿ ಬೆಳಕಿಗೆ ಬರುತ್ತದೆ ಅನ್ನುವುದನ್ನು ಮೊದಲು ಗುರುತು ಮಾಡಿಕೊಳ್ಳಿ.